ಬಾನೆಟ್ ಎತ್ತಿ ನಿಂತವರು

ಕನ್ನಡಕದ ಅಂಗಡಿಯಿಂದ,
೧೪ನೇ ತಾರೀಕು, ಬುಧವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯಾ? ಹೊಟ್ಟೆಯ ಮೇಲಿನ ಹೊಲಿಗೆ ಪೂರ್ತಿ ಮಾಗಿತಾ? ಡ್ರೆಸ್ಸಿಂಗ್ ಬಿಚ್ಚಿದ ದಿನ ಅದನ್ನು ನೋಡಿ ‘ಇದಕ್ಕಿಂತ ನೀಟಾಗಿ ನಾನು ಕಿಟಕಿ ಪರದೆಗೆ ಅಂಚು ಹಾಕ್ತೀನಿ’ ಅಂತ ಡಾಕ್ಟರ ಮುಖಕ್ಕೇ ಹೇಳಿದ್ದೆಯಲ್ಲ, ಆ ವಾರ್ಡಿನ ನರ್ಸ್ ಇನ್ನೂ ನೆನೆಸಿಕೊಂಡು ನಗುತ್ತಾರಂತೆ. ಮೊನ್ನೆ ಹೊಸ ಕನ್ನಡಕಕ್ಕೆ ನಮ್ಮ ಅಂಗಡಿಗೇ ಬಂದಿದ್ದರು, ‘ನಿಮ್ಮಮ್ಮ ಹೇಗಿದಾರೆ?’ ಅಂದರು. ಚೆನ್ನಾಗಿದ್ದಾರೆ ಅಂದುಬಿಟ್ಟೆ. ನನಗೇನು ಗೊತ್ತು ಹೇಳು! ಫೋನ್ ಮಾಡಿದಾಗಲೆಲ್ಲ ದೊಡ್ಡಮ್ಮ ಎತ್ತಿ ‘ಸ್ನಾನಕ್ಕೆ ಹೋಗಿದಾಳೆ ಕಣೇ’ ಅನ್ನುತ್ತಾಳೆ. ಅಮ್ಮಾ, ಮೀನು ಕೂಡ ಅಷ್ಟು ಹೊತ್ತು ನೀರಿನಲ್ಲಿರೋದಿಲ್ಲ. ಬೆಳಿಗ್ಗೆಯೂ ಸ್ನಾನ, ಮಧ್ಯಾಹ್ನವೂ ಸ್ನಾನ, ಸಂಜೆಯೂ ಸ್ನಾನ. ಅದಕ್ಕೇ ಫೋನಿನ ಗೊಡವೆ ಬಿಟ್ಟು ಕಾಗದ ಹಿಡಿದೆ. ಕಾಗದ ಬಂದಾಗ ಸ್ನಾನಕ್ಕೆ ಹೋಗೋಕಾಗಲ್ಲ. ಭಾರ ಎತ್ತಬೇಡ, ದೊಡ್ಡಮ್ಮನ ಮನೆಯ ನೀರಿನ ಬಿಂದಿಗೆಗೆ ಕೈ ಹಾಕಬೇಡ, ಎಣ್ಣೆಯ ತಿಂಡಿ ಮುಟ್ಟಬೇಡ. ಪಿತ್ತಕೋಶ ತೆಗೆಸಿಕೊಂಡವರ ಗತ್ತು ಸ್ವಲ್ಪ ದಿನವಾದರೂ ಇರಲಿ.

ನಾನು ಚೆನ್ನಾಗಿದ್ದೇನೆ ಅಂತ ಬರೆಯಬೇಕು, ಕೈ ಬರುತ್ತಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗಾಗಿದ್ದೇನೆ. ಕೂತರೆ ಏಳೋಣ ಅನಿಸುತ್ತೆ, ಎದ್ದರೆ ಎಲ್ಲಿಗೆ ಅಂತ ಗೊತ್ತಿಲ್ಲ. ಬೆಳಿಗ್ಗೆ ಒಬ್ಬ ಗಿರಾಕಿಯ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿ ಕೊಟ್ಟುಬಿಟ್ಟೆ. ಪಾಪ, ಹಾಕಿಕೊಂಡು ಎದ್ದವರು ಗೋಡೆ ಹಿಡಿದುಕೊಂಡು ನಿಂತರು. ನಮ್ಮ ಯಜಮಾನರು ಬೈಯಲಿಲ್ಲ. ‘ಹೋಗಮ್ಮ, ಒಳಗೆ ಕೂತು ಸ್ವಲ್ಪ ಸುಧಾರಿಸ್ಕೋ’ ಅಂದರು. ಹಾಗಾಗಿ ಗಾಜು ಉಜ್ಜುವ ಮೆಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಇದಕ್ಕೆಲ್ಲ ಕಾರಣ ನಿನ್ನೆ ದೊಡ್ಡಮ್ಮ ತಾನಾಗಿ ಮಾಡಿದ ಫೋನು. ನೀನು ಹೇಳಿಸಿದ್ದೀಯಂತೆ, ಹೊಲಿಗೆ ಮೆಷಿನ್ ಕಳಿಸಬೇಕಂತೆ. ಗುರುವಾರ ಬೆಳಿಗ್ಗೆ ಟೆಂಪೋ ಬರುತ್ತಂತೆ. ಅಲ್ಲಿ ಯಾವುದೋ ಶಾಲೆಯ ಯೂನಿಫಾರ್ಮ್ ಹೊಲಿಯೋ ಕೆಲಸ ಹಿಡಿದಿದ್ದೀಯಂತೆ. ‘ಯಾವಾಗ ವಾಪಸ್ ಬರ್ತಾಳೆ ದೊಡ್ಡಮ್ಮಾ?’ ಅಂತ ಕೇಳಿದರೆ ‘ಮೆಷಿನ್ ಜೋಪಾನ ಕಣೇ’ ಅಂದು ಇಟ್ಟುಬಿಟ್ಟಳು. ಬಟ್ಟೆಬರೆ ಕಳಿಸಿ ಅಂದಿದ್ದರೆ ನನಗೆ ಏನೂ ಅನಿಸುತ್ತಿರಲಿಲ್ಲ. ನೀನು ಮೆಷಿನ್ ಬಿಟ್ಟು ಎಲ್ಲೂ ಹೆಚ್ಚು ದಿನ ಇದ್ದವಳಲ್ಲ. ಅದು ಎಲ್ಲಿರುತ್ತೋ ಅದೇ ನಿನ್ನ ಮನೆ. 

ಆಸ್ಪತ್ರೆಯ ದಿನದ ಸಂಗತಿ ನಿನ್ನ ಕಡೆಯಿಂದ ನನಗೆ ಗೊತ್ತಿದೆ. ಡಿಸ್ಚಾರ್ಜ್ ಆಗಿ, ಬ್ಯಾಗ್ ಕಟ್ಟಿಕೊಂಡು, ಅಪ್ಪ ಕಾರು ತರುತ್ತಾರೆ ಅಂತ ಹೊರಗಿನ ಬೆಂಚಿನ ಮೇಲೆ ಕೂತು ಕೂತು, ಪಕ್ಕದ ಹಾಸಿಗೆಯವರು, ಅವರ ಪಕ್ಕದವರು, ಎಲ್ಲರೂ ಅವರವರ ಮನೆಯವರ ಜೊತೆ ಹೋದಮೇಲೂ ನೀನೊಬ್ಬಳೇ ಉಳಿದದ್ದು. ಆಮೇಲೆ ಆಟೋ ಹತ್ತಿ, ಬಸ್ ಸ್ಟ್ಯಾಂಡಿಗೆ ಹೋಗಿ, ಹಸಿ ಗಾಯ ಇಟ್ಟುಕೊಂಡು ಅಕ್ಕನ ಊರಿನ ಬಸ್ಸು ಹತ್ತಿದ್ದು. ಅಪ್ಪನ ಕಡೆಯದು ನೀನು ಕೇಳಲಿಲ್ಲ. ಫೋನಿನಲ್ಲಿ ಅವರು ‘ದಾರೀಲಿ ಒಬ್ರು...’ ಅನ್ನುವಷ್ಟರಲ್ಲಿ ‘ನಾನೇನು ಬಾನೆಟ್ ಎತ್ತಿ ನಿಲ್ಲಬೇಕಿತ್ತಾ?’ ಅಂದು ಇಟ್ಟುಬಿಟ್ಟೆ. ನೀನು ಹಾಗೆ ಅಂದದ್ದು ನೂರಕ್ಕೆ ನೂರು ಸರಿ. ಆದರೂ ಬರೆಯುತ್ತೇನೆ, ಬರೆದರೆ ನನ್ನ ತಲೆಯಾದರೂ ತಿಳಿಯಾಗುತ್ತೆ. ಆವತ್ತು ಮೇಲ್ಸೇತುವೆ ಇಳಿಯುವ ಕಡೆ ಒಂದು ಸುಬಾರು ಕಾರು ಬಾನೆಟ್ ಎತ್ತಿಕೊಂಡು ನಿಂತಿತ್ತಂತೆ. ಚಕ್ರಕ್ಕೆ ಮೊಳೆ ಹೊಕ್ಕು ಗಾಳಿ ಹೋಗಿದೆ, ಓಡಿಸುತ್ತಿದ್ದ ಮುದುಕರ ಹತ್ತಿರ ಜಾಕ್ ಇಲ್ಲ. ಪಂಕ್ಚರ್ ಆದರೆ ಬಾನೆಟ್ ಯಾಕೆ ಎತ್ತಬೇಕು ಅಂತೀಯಾ? ನಮ್ಮ ಅಪ್ಪನಂಥವರು ಕಂಡು ನಿಲ್ಲಿಸಲಿ ಅಂತಲೇ! ಅಪ್ಪನ ಹಾಗೆ ಸುಬಾರು ಇಟ್ಟುಕೊಂಡವರು ಭಾನುವಾರ ನಮ್ಮ ಮನೆ ಮುಂದೆ ಸೇರುತ್ತಾರಲ್ಲ, ಆ ಗುಂಪಿನಲ್ಲಿ ಬಾನೆಟ್ ಎತ್ತಿ ನಿಂತ ಸುಬಾರು ಕಂಡರೆ ನಿಲ್ಲಿಸದೆ ಹೋಗಬಾರದು ಅನ್ನೋ ನಿಯಮ ಮಾಡಿದ್ದೇ ಇವರು. ತಾವು ಮಾಡಿದ ನಿಯಮ ತಾವೇ ಮುರಿಯೋದು ಹೇಗೆ ಅಂತ ಇಳಿದರಂತೆ. ಚಕ್ರ ಬದಲಾಯಿಸಿದರು. ಮುದುಕರಿಗೆ ತಲೆ ಸುತ್ತಿತು, ಅವರನ್ನು ಮನೆ ಮುಟ್ಟಿಸಿದರು. ಅಲ್ಲಿ ನೀರು ಕುಡಿದರು. ಕುಡಿಯುವಾಗ ಮಾತಿಗೆ ಮಾತು ಬೆಳೆಯಿತು. ಎಷ್ಟು ಅಂತ ನಿನಗೆ ನಾನು ಹೇಳಬೇಕಾಗಿಲ್ಲ.

ಅಪ್ಪನಂಥ ಲಿಫ್ಟ್ ರಿಪೇರಿಯವರ ಬುದ್ಧಿಯೇ ಹಾಗೋ ಏನೋ. ಯಾರಾದರೂ ಸಿಕ್ಕಿಹಾಕಿಕೊಂಡಿದ್ದಾರೆ ಅಂದರೆ ತಟ್ಟೆಯ ಮುಂದಿನಿಂದ ಎದ್ದು ಓಡುತ್ತಾರೆ. ಬಾಗಿಲ ಈಚೆಯಿಂದ ‘ಹೆದರ್ಕೋಬೇಡಿ, ನಾನಿದೀನಿ’ ಅಂತ ಒಳಗಿರುವವರಿಗೆ ಹೇಳುತ್ತಾರಂತೆ, ಬಾಗಿಲು ತೆರೆಯುವವರೆಗೂ ಹೇಳುತ್ತಲೇ ಇರುತ್ತಾರಂತೆ. ಊರಿನವರೆಲ್ಲ ಅಪ್ಪನ ಬಾಯಿಂದ ಆ ಮಾತು ಕೇಳಿದ್ದಾರೆ. ನಿನಗೆ ಒಂದು ಸಲವಾದರೂ ಹೇಳಿದ್ದರಾ ಅಂತ ಯೋಚಿಸುತ್ತಿದ್ದೆ. ನನಗೆ ನೆನಪಾಗಲಿಲ್ಲ.

ಇನ್ನು ನಾವು ನಿನ್ನನ್ನು ನೋಡೋಕೆ ಬಂದ ಆ ಭಾನುವಾರ. ಮಧ್ಯಾಹ್ನ ಊಟಕ್ಕೆ ಬರುತ್ತೇವೆ ಅಂತ ದೊಡ್ಡಮ್ಮನಿಗೆ ಹೇಳಿ, ಅಪ್ಪನನ್ನು ಹೊರಡಿಸಿಕೊಂಡು ಬೆಳಿಗ್ಗೆಯೇ ಹೊರಟಿದ್ದೆವು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು, ನಿನ್ನ ಇಷ್ಟದ ನೀಲಿ ಗೆರೆಯದ್ದು. ದಾರಿಯುದ್ದಕ್ಕೂ ತುಟಿ ಆಡಿಸಿಕೊಂಡು ಏನೋ ಅಭ್ಯಾಸ ಮಾಡುತ್ತಿದ್ದರು. ಕ್ಷಮೆ ಕೇಳೋದನ್ನು ಬಾಯಿಪಾಠ ಮಾಡುತ್ತಿದ್ದಾರೆ ಅಂತ ನನಗೆ ಗೊತ್ತಾಗಿ ಕಿಟಕಿಯ ಕಡೆ ಮುಖ ತಿರುಗಿಸಿ ನಗು ತಡೆದುಕೊಂಡೆ. ಅರ್ಧ ದಾರಿಯಲ್ಲಿ, ದೊಡ್ಡ ಗೋದಾಮುಗಳಿರುವ ಕಡೆ, ರಸ್ತೆ ಪಕ್ಕದಲ್ಲಿ ಒಂದು ಕೆಂಪು ಸುಬಾರು. ಬಾನೆಟ್ ಆಕಾಶ ನೋಡುತ್ತಿದೆ. ‘ಅಪ್ಪಾ, ಬೇಡ’ ಅಂದೆ. ‘ಒಂದೇ ನಿಮಿಷ’ ಅಂದರು. ಇಳಿದು ಹೋಗಿ ನೋಡಿದರೆ, ಅಮ್ಮಾ, ಆ ಕಾರಿಗೆ ಏನೂ ಆಗಿರಲಿಲ್ಲ! ಎಲ್ಲ ಸರಿಯಿತ್ತು. ಆತ ತನ್ನ ಭಾವನಿಗೆ ಇಂಜಿನ್ ತೋರಿಸುತ್ತಿದ್ದ, ಅಷ್ಟೇ. ಭಾವ ಬೇರೆ ಯಾವುದೋ ಕಂಪನಿಯ ಕಾರು ಕೊಳ್ಳೋಕೆ ಹೊರಟಿದ್ದನಂತೆ, ಅವನ ಮನಸ್ಸು ತಿರುಗಿಸೋಕೆ ರಸ್ತೆ ಪಕ್ಕದಲ್ಲೇ ಬಾನೆಟ್ ಎತ್ತಿ ಪಾಠ ನಡೆಯುತ್ತಿತ್ತು. ಅಪ್ಪನಿಗೆ ಇಂಥ ಶಿಷ್ಯ ಸಿಕ್ಕರೆ ಕೇಳಬೇಕೇ! ಪುರಾಣ ಬಿಚ್ಚಿಯೇಬಿಟ್ಟರು.

ಆ ಪುರಾಣ ನಿನಗೂ ನನಗೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತೆ. ಮೊದಲು ಜಪಾನಿನಲ್ಲಿ ವಿಮಾನ ಮಾಡುತ್ತಿದ್ದ ಕಂಪನಿ. ಯುದ್ಧ ಸೋತ ಮೇಲೆ ವಿಮಾನ ಮಾಡಕೂಡದು ಅಂತಾಯಿತು, ಕಂಪನಿಯನ್ನು ಚೂರು ಚೂರು ಮಾಡಿ ಹಂಚಿದರು. ಕೆಲಸದವರು ಕೈ ಕಟ್ಟಿ ಕೂರಲಿಲ್ಲ, ವಿಮಾನಕ್ಕೆ ಅಂತ ಮಾಡಿಟ್ಟ ಸಾಮಾನಿನಿಂದಲೇ ಸ್ಕೂಟರ್ ಕಟ್ಟಿದರು, ಬಸ್ಸಿನ ಮೈ ಕಟ್ಟಿದರು. ಆಮೇಲೆ ಚೂರಾದವರಲ್ಲಿ ಐದು ಕಂಪನಿಗಳು ಮತ್ತೆ ಒಟ್ಟಾಗಿ ಒಂದು ದೊಡ್ಡದಾದವು. ಅದಕ್ಕೇ ಗುರುತಿನಲ್ಲಿ ಆರು ನಕ್ಷತ್ರ, ಒಂದು ದೊಡ್ಡದು, ಐದು ಚಿಕ್ಕವು. ಸುಬಾರು ಅಂದರೆ ನಾವು ಕೃತ್ತಿಕೆ ಅನ್ನುವ ನಕ್ಷತ್ರಗಳ ಗುಂಪು. ಮೊದಲ ಪುಟಾಣಿ ಕಾರನ್ನು ಅಲ್ಲಿಯ ಜನ ಪ್ರೀತಿಯಿಂದ ಕೆಂಪು ಬೆನ್ನಿನ ಚುಕ್ಕೆ ಹುಳುವಿನ ಹೆಸರಿನಿಂದ ಕರೆಯುತ್ತಿದ್ದರು. ಕರೆಂಟಿನ ಕಂಪನಿಯವರು ಬಂದು ಹಿಮ ಬಿದ್ದ ಬೆಟ್ಟ ಹತ್ತುವ ಗಾಡಿ ಬೇಕು ಅಂದಿದ್ದಕ್ಕೆ ನಾಲ್ಕೂ ಚಕ್ರ ಎಳೆಯುವ ಕಾರು ಹುಟ್ಟಿತು. ಇಂಜಿನ್ ಬೇರೆಯವರ ಹಾಗೆ ಎದ್ದು ನಿಂತಿಲ್ಲ, ಮಲಗಿದೆ, ಎರಡು ಕಡೆಯಿಂದ ಮುಷ್ಟಿ ಗುದ್ದುವವರ ಹಾಗೆ ಕೆಲಸ ಮಾಡುತ್ತೆ. ಇಲ್ಲಿಗೆ ಬಂದಾಗ ಅಪ್ಪ ಎರಡೂ ಮುಷ್ಟಿ ಎತ್ತಿ ಗಾಳಿಯಲ್ಲಿ ಗುದ್ದಿ ತೋರಿಸಲೇಬೇಕು. ಆ ಆರು ನಕ್ಷತ್ರ ನೋಡಿ ನೀನು ‘ದೊಡ್ಡದು ಕಾರು, ಮಿಕ್ಕವು ಮನೆಮಂದಿ’ ಅನ್ನುತ್ತಿದ್ದೆ. ಅಪ್ಪ ಅದನ್ನು ತಮಾಷೆ ಅಂತಲೇ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ. ಆವತ್ತು ಕಾರಿನೊಳಗೆ ಕೂತು, ಗಾಜಿನಾಚೆ ಅಪ್ಪ ಮುಷ್ಟಿ ಆಡಿಸುವುದು ನೋಡುತ್ತಾ, ಹಾರ್ನ್ ಹೊಡೆದು ಹೊಡೆದು ಸಾಕಾಗಿ ಅತ್ತುಬಿಟ್ಟೆ. ಅಪ್ಪನ ಮೇಲೆ ಅಷ್ಟು ಸಿಟ್ಟು ನನಗೆ ಹುಟ್ಟಿದಾಗಿನಿಂದ ಬಂದಿರಲಿಲ್ಲ.

ಸಂಜೆಯಾಗುತ್ತಾ ಬಂದಾಗ ದೊಡ್ಡಮ್ಮನ ಗೇಟು ಮುಟ್ಟಿದೆವು. ದೊಡ್ಡಮ್ಮ ಗೇಟು ತೆಗೆಯದೆ ಒಳಗಿನಿಂದಲೇ ‘ಅವಳು ಹೊರಗೆ ಹೋಗಿದಾಳೆ’ ಅಂದಳು. ನಿನ್ನ ಚಪ್ಪಲಿ ಮೆಟ್ಟಿಲ ಮೇಲೇ ಇತ್ತು ಅಮ್ಮಾ. ಒಂದು ಬಾರು ಹರಿದು ನೀನೇ ದಾರ ಹಾಕಿ ಹೊಲಿದ ಚಪ್ಪಲಿ. ನಾನು ನೋಡಿದೆ, ಅಪ್ಪನೂ ನೋಡಿದರು. ನಾನು ಜಗಳಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅಪ್ಪ ನನ್ನ ಕೈ ಹಿಡಿದುಕೊಂಡು, ‘ಸರಿ ಅತ್ತಿಗೆ, ಬಂದಿದ್ವಿ ಅಂತ ಹೇಳಿ’ ಅಂದು ತಿರುಗಿದರು.  ವಾಪಸ್ ದಾರಿಯಲ್ಲಿ ಎದುರಿಗೆ ಬಂದ ಯಾವನೋ ಸುಬಾರುವಿನವನು ದೀಪ ಮಿನುಗಿಸಿದ, ಅದಕ್ಕೂ ತಿರುಗಿ ಮಿನುಗಿಸಲಿಲ್ಲ. ನೀನು ಪರದೆಯ ಹಿಂದೆ ನಿಂತಿದ್ದೆಯಾ? ಊಟ ಆರಿಹೋಗಿತ್ತಾ? ಒಂದಲ್ಲ ಒಂದು ದಿನ ಹೇಳು.

ಅಲ್ಲಿಂದೀಚೆಗೆ ಮನೆಯ ಮುಂದೆ ಗುಂಪು ಸೇರಿಲ್ಲ. ಅಪ್ಪ ಎಲ್ಲರಿಗೂ ಬೇಡ ಅಂದಿದ್ದರು. ಆದರೂ ಹೋದ ಭಾನುವಾರ ಮೂವರು ಬಂದರು, ಸಮಾಧಾನ ಹೇಳೋಕೆ. ನೀಲಿ ಕಾರಿನ ಬೇಕರಿಯವರು, ಬೆಳ್ಳಿ ಕಾರಿನ ಹಲ್ಲಿನ ಡಾಕ್ಟರು, ಬಿಳಿ ಕಾರಿನ ಸಂಗೀತದ ಟೀಚರು. ನೀನಿದ್ದಿದ್ದರೆ ನಕ್ಕು ನಕ್ಕು ಹೊಲಿಗೆ ಬಿಚ್ಚಿಕೊಳ್ಳುತ್ತಿದ್ದೆ. ಸಮಾಧಾನ ಬಾಗಿಲು ದಾಟುವವರೆಗೂ ಉಳಿಯಲಿಲ್ಲ. ಡಾಕ್ಟರು ‘ಎಲ್ಲ ಸರಿಹೋಗುತ್ತೆ ಬಿಡಿ’ ಅಂದು ಕೂತವರೇ, ಇಂಜಿನ್ ಅಷ್ಟು ತಗ್ಗಿನಲ್ಲಿಟ್ಟರೆ ಪ್ಲಗ್ ಬದಲಾಯಿಸೋಕೆ ಕೈ ತೂರಿಸೋದು ಎಲ್ಲಿಂದ, ಕಡೇ ಹಲ್ಲು ಕೀಳೋದು ಇದಕ್ಕಿಂತ ಸುಲಭ ಅಂತ ಶುರು ಮಾಡಿದರು. ಬೇಕರಿಯವರಿಗೆ ರೇಗಿತು. ಕೆಸರಿರಲಿ ಮಂಜಿರಲಿ, ಬ್ರೆಡ್ಡು ತುಂಬಿಕೊಂಡು ಹೊರಟ ಮೇಲೆ ಒಂದು ದಿನ ಕೈಕೊಟ್ಟಿಲ್ಲ, ಮಕ್ಕಳಿಗಿಂತ ವಾಸಿ ಅಂದರು. ಅವರ ಮಗ ಹೊರಗೇ ನಿಂತಿದ್ದ ಪಾಪ. ಟೀಚರು, ಪೆಟ್ರೋಲಿನ ವಿಷಯದಲ್ಲಿ ಅದು ಹೊಟ್ಟೆಬಾಕ, ಪ್ರತಿ ವರ್ಷ ಮಾರಿಬಿಡೋಣ ಅಂತ ತೊಳೆಯೋಕೆ ಶುರುಮಾಡ್ತೀನಿ, ತೊಳೆದ ಮೇಲೆ ಮಾರೋಕೆ ಮನಸ್ಸು ಬರಲ್ಲ ಅಂದರು. ಅಪ್ಪ ಕಪ್ಪಿನೊಳಗೆ ನೋಡುತ್ತಾ ಕೂತಿದ್ದರು. ಚಹಾ ನಾನೇ ಮಾಡಿದ್ದು, ಕುಡಿಯುವಂತಿರಲಿಲ್ಲ ಬಿಡು. ಆಗ ಟೀಚರು ಸಹಜವಾಗಿ ಕೇಳಿದರು, ‘ಅಲ್ಲ, ನಾವೆಲ್ಲ ಹೇಳಿದ್ದಾಯ್ತು. ನಿಮ್ಮ ಮನೆಯವರು ಈ ಕಾರಿನ ಬಗ್ಗೆ ಏನಂತಾರೆ?’ ಅಪ್ಪ ತಲೆ ಎತ್ತಿದರು.  ‘ಗೊತ್ತಿಲ್ಲ. ಕೇಳಿಲ್ಲ’ ಅಂದರು. ಇಡೀ ಊರಿನ ಸುಬಾರು ಮಾಲೀಕರ ಅಭಿಪ್ರಾಯ ನಾಲಿಗೆಯ ತುದಿಯಲ್ಲಿಟ್ಟುಕೊಂಡ ಮನುಷ್ಯ! ಮೂವರೂ ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಅವರು ಹೋದಮೇಲೆ ಅಪ್ಪ ಕಾರಿನ ಹತ್ತಿರ ಹೋದರು. ಒರೆಸೋಕೆ ಹೋದರು ಅಂತ ನಾನು ಪಾತ್ರೆ ತೊಳೆಯುತ್ತಾ ನಿಂತೆ. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಅವರು ಡ್ರೈವರ್ ಸೀಟಿನಲ್ಲಿರಲಿಲ್ಲ. ನಿನ್ನ ಸೀಟಿನಲ್ಲಿ ಕೂತಿದ್ದರು. ಎಷ್ಟೋ ಹೊತ್ತು ಹಾಗೇ ಕೂತಿದ್ದರು. ಗಾಬರಿಯಾಗಿ ಕೈ ಒರೆಸಿಕೊಂಡು ಓಡಿದೆ. ಬಾಗಿಲು ತೆರೆದರೆ ಕಾಲು ಮಡಿಸಿ, ಮೊಣಕಾಲು ಬಾಗಿಲಿಗೆ ಒತ್ತಿಕೊಂಡು, ಮೈ ಓರೆ ಮಾಡಿಕೊಂಡು ಕೂತಿದ್ದಾರೆ. ‘ಗುಬ್ಬೀ, ನಿಮ್ಮಮ್ಮ ಕಾಲು ಎಲ್ಲಿಡ್ತಿದ್ಲು?’ ಅಂದರು. ಆ ಟೂಲ್ ಬಾಕ್ಸ್ ಅಮ್ಮಾ. ದಾರಿಯಲ್ಲಿ ಯಾರಾದರೂ ಸಿಕ್ಕಿಹಾಕಿಕೊಂಡಿದ್ದರೆ ಕೈಗೆ ಸಿಗಲಿ ಅಂತ ಹಿಂದೆ ಡಿಕ್ಕಿಯಲ್ಲಿಡದೆ ನಿನ್ನ ಸೀಟಿನ ಮುಂದೆ ಇಟ್ಟುಕೊಂಡಿದ್ದ ಆ ಕಬ್ಬಿಣದ ಪೆಟ್ಟಿಗೆ. ನಾನು ಚಿಕ್ಕವಳಿದ್ದಾಗಿನಿಂದ ಅದು ಅಲ್ಲೇ ಇದೆ. ಮದುವೆಮನೆಗೆ ಹೋಗುವಾಗ, ಸಾವಿನ ಮನೆಗೆ ಹೋಗುವಾಗ, ನನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೋಗುವಾಗ ಕೂಡ ನೀನು ಹಾಗೇ ಓರೆಯಾಗಿ ಕೂತಿರಬೇಕು. ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ಬೆಳೆದ ನನಗೂ ಅದು ಕಾಣಲಿಲ್ಲ. ಆಸ್ಪತ್ರೆಯಿಂದ ಹಸಿ ಹೊಲಿಗೆಯ ಹೊಟ್ಟೆ ಹಿಡಿದುಕೊಂಡು ನೀನು ಕೂರಬೇಕಾಗಿದ್ದದ್ದೂ ಆ ಪೆಟ್ಟಿಗೆಯ ಪಕ್ಕದಲ್ಲೇ. ಅಪ್ಪ ಇಳಿಯೋಕೆ ನೋಡಿದರು, ಕಾಲು ಜೋಮು ಹಿಡಿದು ಆಗಲಿಲ್ಲ. ನಾನೇ ಎಳೆದು ಇಳಿಸಿದೆ. ನನ್ನ ಭುಜ ಹಿಡಿದುಕೊಂಡು ನಿಂತವರು ಅತ್ತರು. ಅಪ್ಪ ಅಳುವುದು ನೋಡೋಕಾಗಲ್ಲ ಅಮ್ಮಾ, ದೊಡ್ಡ ಸದ್ದು ಮಾಡಿ ಅಳುತ್ತಾರೆ. ಪಕ್ಕದ ಮನೆಯವರು ಕಾಂಪೌಂಡಿನ ಮೇಲೆ ತಲೆ ತೂರಿಸಿದರು.

ಮಾರನೆಯ ದಿನ ಆ ಪೆಟ್ಟಿಗೆ ತೆಗೆದು ಮಂಚದ ಕೆಳಗೆ ನೂಕಿದರು. ನಿನ್ನೆ ದೊಡ್ಡಮ್ಮನ ಫೋನಿನ ಸುದ್ದಿ ಹೇಳಿದಾಗ, ಕಳಿಸಬೇಡ ಅನ್ನುತ್ತಾರೆ ಅಂತ ನಾನು ಕಾದೆ. ನಿಜ ಹೇಳಬೇಕಂದರೆ ಅನ್ನಲಿ ಅಂತಲೇ ಆಸೆಪಟ್ಟೆ. ಅವರು ನಿನ್ನ ಮೆಷಿನ್ನಿನ ಮುಸುಕು ತೆಗೆದು, ಬಾಬಿನ್ ಬಿಚ್ಚಿ ಧೂಳು ಊದಿ, ಎಣ್ಣೆ ಬಿಟ್ಟು, ಕಾಲು ತುಳಿಯುವ ಹಲಗೆಯ ಕಿರುಗುಟ್ಟುವ ಸದ್ದು ನಿಲ್ಲಿಸಿದರು. ಆ ಕಿರುಗುಟ್ಟು ಸರಿಮಾಡಿಕೊಡಿ ಅಂತ ನೀನು ಯಾವ ಕಾಲದಿಂದ ಹೇಳುತ್ತಿದ್ದೆ ಅಂತ ನನಗೆ ನೆನಪಿದೆ. ಅವರಿಗೂ ನೆನಪಿರಬೇಕು, ನನ್ನ ಮುಖ ನೋಡಲಿಲ್ಲ.

ನನ್ನದು ಇಷ್ಟೇ ಅಮ್ಮಾ. ನೀನು ಯಾಕೆ ಹೋದೆ ಅಂತ ನನಗೆ ಅರ್ಥವಾಗಿದೆ. ಬಾ ಅನ್ನೋಕೆ ಬಾಯಿ ಬರುತ್ತಿಲ್ಲ, ಅಲ್ಲೇ ಇರು ಅನ್ನೋಕೆ ಜೀವ ಒಪ್ಪುತ್ತಿಲ್ಲ. ಮನೆಗೆ ಹೋಗೋಕೆ ಮನಸ್ಸಾಗದೆ ಅಂಗಡಿ ಮುಚ್ಚಿದ ಮೇಲೂ ಬೀದಿ ಬೀದಿ ಸುತ್ತುತ್ತೇನೆ. ಮನೆಗೆ ಬಂದರೆ ಅಪ್ಪ ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆಯುತ್ತಿರುತ್ತಾರೆ, ನಾನು ಆ ಕಡೆಯಿಂದ ಈ ಕಡೆ ನಡೆಯುತ್ತೇನೆ, ನಡುಮನೆಯಲ್ಲಿ ಇಬ್ಬರೂ ಡಿಕ್ಕಿ ಹೊಡೆಯುತ್ತೇವೆ. ಎದುರುಮನೆಯವರು ಅರ್ಧ ಅಂಚು ಹಾಕಿದ ಅವರ ಪರದೆ ಕೇಳಿಕೊಂಡು ಮತ್ತೆ ಬಂದಿದ್ದರು, ಕೊಡಲಿಲ್ಲ. ನೀನು ಬಂದು ಮುಗಿಸುತ್ತೀಯ ಅಂತ ಹೇಳಿ ಕಳಿಸಿದೆ. ಸುಳ್ಳೋ ನಿಜವೋ ನೀನೇ ಹೇಳಬೇಕು.

ಯಜಮಾನರು ಕರೆಯುತ್ತಿದ್ದಾರೆ, ನಾಳೆ ಬೆಳಿಗ್ಗೆ ಇದನ್ನು ಪೋಸ್ಟಿಗೆ ಹಾಕುತ್ತೇನೆ. ಮಾತ್ರೆ ತಪ್ಪಿಸಬೇಡ. ದೊಡ್ಡಮ್ಮನಿಗೆ ನಮಸ್ಕಾರ ಹೇಳು, ಅವಳ ಸ್ನಾನದ ನೆಪಗಳಿಗೂ ನನ್ನದೊಂದು ನಮಸ್ಕಾರ. ನೀನು ಎಲ್ಲಿದ್ದರೂ ನೆಮ್ಮದಿಯಾಗಿರು ಅಂತ ಬರೆಯುವಷ್ಟು ದೊಡ್ಡ ಮನಸ್ಸು ನನಗಿಲ್ಲ, ನನ್ನ ಕಣ್ಣೆದುರಿಗೇ ನೆಮ್ಮದಿಯಾಗಿರು ಅಂತ ಕೇಳಿಕೊಳ್ಳುತ್ತೇನೆ.

ನಿನ್ನ
ಗುಬ್ಬಿ

ತಾ.ಕ.: ಗುರುವಾರ ಬೆಳಿಗ್ಗೆ. ಟೆಂಪೋ ಬಂದಿದೆ, ಡ್ರೈವರ್ ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದಾನೆ, ಮೆಟ್ಟಿಲ ಮೇಲೆ ಕೂತು ಗೀಚುತ್ತಿದ್ದೇನೆ, ಅಕ್ಷರಕ್ಕೆ ಬೈಯಬೇಡ. ಅಪ್ಪನೇ ಮೆಷಿನ್ನಿಗೆ ಕಂಬಳಿ ಸುತ್ತಿ, ಹಗ್ಗ ಕಟ್ಟಿ ಟೆಂಪೋಗೆ ಹತ್ತಿಸಿದರು. ಹತ್ತಿಸಿದವರು ಇಳಿಯಲೇ ಇಲ್ಲ, ಅದರ ಪಕ್ಕದಲ್ಲೇ ಕೂತುಬಿಟ್ಟಿದ್ದಾರೆ. ಕಾರಿನಲ್ಲಿ ಹಿಂದೆ ಹಿಂದೆ ಹೋಗಿ ಅಂದೆ, ಬೇಡವಂತೆ. ಕಾರಿನ ಕೀಲಿ ನನ್ನ ಕೈಗೆ ಕೊಟ್ಟರು. ಡ್ರೈವರನಿಗೆ ಹೇಳಿದ್ದು ನಾನು ಕಿವಿಯಾರೆ ಕೇಳಿದೆ: ‘ದಾರೀಲಿ ಯಾರು ಬಾನೆಟ್ ಎತ್ತಿ ನಿಂತಿದ್ರೂ ನಿಲ್ಲಿಸಬೇಡಪ್ಪಾ. ನಾನು ಬಾಯಿ ಬಡ್ಕೊಂಡ್ರೂ ನಿಲ್ಲಿಸಬೇಡ.’ ಕಾಗದ ಪೋಸ್ಟಿಗೆ ಹಾಕುತ್ತಿಲ್ಲ, ಅವರ ಕೈಗೇ ಕೊಡುತ್ತಿದ್ದೇನೆ. ನೀನು ಇದನ್ನು ಓದುತ್ತಿದ್ದೀಯ ಅಂದರೆ ಟೆಂಪೋ ಹೊರಟುಹೋಗಿದೆ, ಅಪ್ಪ ಮೆಷಿನ್ ಹಿಡಿದುಕೊಂಡು ಗೇಟಿನ ಹೊರಗೆ ನಿಂತಿದ್ದಾರೆ. ಮೆಷಿನ್ ಒಳಗೆ ತರಿಸಿಕೋ. ಅವರು ತಾವಾಗಿ ಒಳಗೆ ಬರುವವರಲ್ಲ, ಕರೆದರೆ ಬರುತ್ತಾರೆ. ಕರೆಯೋದು ಬಿಡೋದು ನಿನಗೆ ಬಿಟ್ಟದ್ದು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಬಿಸಿಲು ಜೋರಾಗಿದೆ, ಅಷ್ಟು ಮಾತ್ರ ಹೇಳುತ್ತೇನೆ.